ಸದ್ದು ಹೆಚ್ಚಿದರೆ ಸುದ್ದಿ ಹೆಚ್ಚೀತೆ?



ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ನಾನು ಟೆಲಿವಿಷನ್ ಕೆಲಸಕ್ಕೆ ಸೇರಿದ ಹೊಸತು. ದೀಪಾವಳಿಯ ರಾತ್ರಿ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ ಅಂಟಿಗೆ-ಪಂಟಿಗೆ ಹಾಡುಗಳನ್ನು ಧ್ವನಿಮುದ್ರಿಸಲು ಹೋಗಿದ್ದೆ. ಹಬ್ಬದ ರಾತ್ರಿ ದೀಪ ಹಿಡಿದ ತಂಡವೊಂದು ಹಾಡುತ್ತ ಮನೆಯಿಂದ ಮನೆಗೆ ಬೆಳಕು ಕೊಂಡೊಯ್ಯುವ ಪದ್ಧತಿ ಇದು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳಿದೆ. ತಂಡದ ಮುಂದಾಳು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಅವರ ದನಿ ಚೆನ್ನಾಗಿ ಕೇಳಲಿ ಎಂಬ ಆಸೆಯಿಂದ ನಾನು ಯಂತ್ರದ ಗುಂಡಿಯನ್ನು ಮೇಲಕ್ಕೆ ತಿರುಗಿಸಿದೆ. ಧ್ವನಿ ಮಟ್ಟ ತೋರಿಸುವ ಪಟ್ಟಿ ಪದೇ ಪದೇ ಕೆಂಪು ಗೆರೆಯನ್ನು ಮುಟ್ಟುತ್ತಿತ್ತು. ನನಗೆ ಅದು ಉತ್ಸಾಹದ ಲಕ್ಷಣವಾಗಿ ಕಂಡಿತು.

ಊರಿಗೆ ಮರಳಿ ಕೇಳಿದಾಗ ಅಜ್ಜ ದನಿ ಏರಿಸಿದ ಕಡೆಯಲ್ಲೆಲ್ಲ ಹಾಡು ಒಡೆದುಹೋಗಿತ್ತು. ಅಕ್ಷರಗಳ ಬದಲು ಗರಗರ ಸದ್ದು. ಸ್ಟುಡಿಯೋದ ಯಾವ ಉಪಕರಣದಿಂದಲೂ ಅದನ್ನು ಸರಿಪಡಿಸಲಾಗಲಿಲ್ಲ. ಮುಂದಿನ ವರ್ಷ ಮತ್ತೆ ಹೋಗೋಣವೆಂದುಕೊಂಡೆ. ಮುಂದಿನ ದೀಪಾವಳಿಗೆ ಅಜ್ಜ ಇರಲಿಲ್ಲ.

ಈಚೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳಿಗಾಗಿ ಹವ್ಯಾಸಿ ರೇಡಿಯೋದ ಪ್ರಾತ್ಯಕ್ಷಿಕೆಗಳು ನಡೆದಾಗ ಚಿತ್ರೀಕರಣಕ್ಕೆಂದು ನಾನೂ ಹೋಗಿದ್ದೆ. ಪರವಾನಗಿ ಪಡೆದ ಹ್ಯಾಮ್ ಗೆಳೆಯರೊಬ್ಬರು ತಮ್ಮ ರೇಡಿಯೋ ತಂದು ತಾವೇ ನಡೆಸುತ್ತಿದ್ದರು. ರೇಡಿಯೋದ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು ಅದರಲ್ಲಿ ಅಡಗಿದ ಸಂದೇಶವನ್ನು ಬಿಡಿಸುವ ಕೆಲಸ ವಿದ್ಯಾರ್ಥಿಗಳದು. ಮೂರು ಊರುಗಳಲ್ಲೂ ಮೊದಲು ಸಂದೇಶ ಸರಿಯಾಗಿ ಬಿಡಲಿಲ್ಲ. ಮೂರು ಕಡೆಯೂ ಮಕ್ಕಳು ಮೊದಲು ಕೈ ಹಾಕಿದ್ದು ಸದ್ದಿನ ಗುಂಡಿಗೇ. ನನಗೆ ಅಜ್ಜನ ಹಾಡು ನೆನಪಾಯಿತು. ಆ ಮೂರು ಸಂಜೆಗಳ ತನಿಖೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹಿನ್ನೆಲೆ ತಿಳಿಯೋಣ. ಹವ್ಯಾಸಿ ರೇಡಿಯೋ ಎಂದರೆ ಹಣಕ್ಕಾಗಿ ಅಲ್ಲದೆ, ಕಲಿಕೆಗಾಗಿ ಮತ್ತು ಆಪತ್ತಿನಲ್ಲಿ ನೆರವಾಗುವುದಕ್ಕಾಗಿ ಸರ್ಕಾರದ ಪರವಾನಗಿಯಿಂದ ನಡೆಸುವ ರೇಡಿಯೋ ಸಂಪರ್ಕ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಇದರ ಪರೀಕ್ಷೆಗೆ ಕೂರಬಹುದು. ಪಾಸಾದವರಿಗೆ ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ಸಿಗುತ್ತದೆ. ಹ್ಯಾಮ್‌ಗಳು ಮಾತನಾಡುತ್ತಾರೆ, ಮೋರ್ಸ್ ಸಂಕೇತ ಕಳಿಸುತ್ತಾರೆ. ಈಗ ಕಂಪ್ಯೂಟರಿನ ನೆರವಿನಿಂದ ಬರಹವನ್ನೂ ಕಳಿಸುತ್ತಾರೆ. ಅಕ್ಷರಗಳು ಸ್ವರಗಳಾಗಿ ಮಾರ್ಪಟ್ಟು, ಆ ಸ್ವರಗಳು ರೇಡಿಯೋ ತರಂಗದ ಮೇಲೇರಿ ಹೋಗುತ್ತವೆ. ಕೇಳುವ ಕಡೆ ಕಂಪ್ಯೂಟರ್ ಸ್ವರಗಳನ್ನು ಮತ್ತೆ ಅಕ್ಷರ ಮಾಡುತ್ತದೆ.

ನಾವು ಬಳಸಿದ ವಿಧಾನದ ಹೆಸರು ಎಫ್‌ಟಿ8. ಇದನ್ನು 2017ರಲ್ಲಿ ಬಳಕೆಗೆ ತಂದವರು ಅಮೆರಿಕದ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಟೇಲರ್ ಹ್ಯಾಮ್ ಮಾತ್ರವಲ್ಲ, ಖಗೋಳ ವಿಜ್ಞಾನಿಯೂ ಹೌದು. ಒಂದನ್ನೊಂದು ಸುತ್ತುವ ನಕ್ಷತ್ರ ಜೋಡಿಯಲ್ಲಿ ಒಂದು ಪಲ್ಸಾರ್ ಇರುವುದನ್ನು ಅವರು ರಸೆಲ್ ಹಲ್ಸ್ ಅವರೊಂದಿಗೆ 1974ರಲ್ಲಿ ಕಂಡುಹಿಡಿದರು. 1993ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಪಲ್ಸಾರ್‌ಗಳ ಸಂಕೇತ ಬಹಳ ಕ್ಷೀಣ. ಗದ್ದಲದೊಳಗಿಂದ ಅಂಥ ಸಂಕೇತವನ್ನು ಹೆಕ್ಕಿ ತೆಗೆಯುವುದೇ ರೇಡಿಯೋ ಖಗೋಳಶಾಸ್ತ್ರದ ಕಸುಬು. ನಮ್ಮ ಗೌರಿಬಿದನೂರಿನಲ್ಲೂ 1970ರ ದಶಕದಿಂದ ಇಂಥ ಕೆಲಸ ನಡೆದಿದೆ. ಟೇಲರ್ ಆ ಕಸುಬನ್ನು ಹವ್ಯಾಸಿಗಳ ಕೈಗೂ ಕೊಟ್ಟರು ಎನ್ನಬಹುದು.

ಎಫ್‌ಟಿ8ರಲ್ಲಿ ಕಾಲವನ್ನು 15 ಸೆಕೆಂಡುಗಳ ಸರದಿಗಳಾಗಿ ಹಂಚಿದ್ದಾರೆ. ಒಂದು ಸರದಿಯಲ್ಲಿ ಒಂದು ನಿಲ್ದಾಣ 12.64 ಸೆಕೆಂಡು ಹಾಡುತ್ತದೆ. ಹಾಡಿನಲ್ಲಿ ಇರುವುದು ಎಂಟೇ ಸ್ವರ. ಸ್ವರದಿಂದ ಸ್ವರಕ್ಕೆ ಅಂತರ 6.25 ಹರ್ಟ್ಸ್, ಎಲ್ಲ ಸೇರಿ 50 ಹರ್ಟ್ಸ್ ಅಗಲ. ಆದ್ದರಿಂದ ರೇಡಿಯೋದ ಒಂದೇ ಕಿಟಕಿಯಲ್ಲಿ ಹತ್ತಾರು ನಿಲ್ದಾಣಗಳು ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಹಾಡಬಲ್ಲವು. ಸಂದೇಶವೂ ಚಿಕ್ಕದೇ. ಯಾರಿಗೆ, ಯಾರಿಂದ, ಯಾವ ಚೌಕದಿಂದ. ಹ್ಯಾಮ್‌ಗಳು ಭೂಮಿಯನ್ನು ಅಕ್ಷಾಂಶ, ರೇಖಾಂಶಗಳ ಮೇಲೆ ಚೌಕಗಳಾಗಿ ಹಂಚಿದ್ದಾರೆ. ಸಾಗರ ಪಟ್ಟಣ ಬರುವುದು 'ಎಂಕೆ74' ಚೌಕದಲ್ಲಿ. 14 ಡಿಗ್ರಿ ಅಕ್ಷಾಂಶದ ಗೆರೆ ದಾಟಿ ತೆಂಕಣಕ್ಕೆ ಬಂದರೆ ಹೊಸನಗರವೂ ತೀರ್ಥಹಳ್ಳಿಯೂ 'ಎಂಕೆ73' ಆಗುತ್ತವೆ.

ಇನ್ನು ಸೌಂಡ್ ಕಾರ್ಡ್. ಕಂಪ್ಯೂಟರಿಗೆ ಸದ್ದು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ತಂತಿಯಲ್ಲಿ ಬರುವ ಏರಿಳಿಯುವ ವೋಲ್ಟೇಜನ್ನು ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಸಲವೂ ಒಂದು ಸಂಖ್ಯೆಯನ್ನು ಬರೆದುಕೊಳ್ಳುತ್ತದೆ. 16 ಬಿಟ್‌ಗಳ ಅಳತೆಯಾದರೆ ಮೇಲಕ್ಕೆ 32,767ರವರೆಗೆ, ಕೆಳಕ್ಕೆ ಋಣ 32,768ರವರೆಗೆ ಬರೆಯಬಹುದು. ಅದಕ್ಕಿಂತ ದೊಡ್ಡ ಸಂಖ್ಯೆ ಅದರ ಪುಸ್ತಕದಲ್ಲಿ ಇಲ್ಲ.

ಇದನ್ನು ಮಳೆಮಾಪಕಕ್ಕೆ ಹೋಲಿಸಿ ನೋಡಿ. ಆಗುಂಬೆಯ ಕಡೆ ಜುಲೈ ತಿಂಗಳ ಒಂದು ರಾತ್ರಿ ಸಣ್ಣ ಮಾಪಕವನ್ನು ಅಂಗಳದಲ್ಲಿಟ್ಟು ಮಲಗಿದಿರಿ ಎನ್ನಿ. ಬೆಳಗ್ಗೆ ಎದ್ದಾಗ ಅದು ತುಂಬಿ ಹರಿದಿದೆ. ಎಷ್ಟು ಮಳೆ ಬಂತು? ಮಾಪಕ ಹಿಡಿಸುವಷ್ಟಕ್ಕಿಂತ ಹೆಚ್ಚು ಎಂದಷ್ಟೇ ಹೇಳಬಹುದು. ಹರಿದುಹೋದ ನೀರನ್ನು ಮತ್ತೆ ಅಳೆಯುವ ಉಪಾಯವಿಲ್ಲ. ಸದ್ದಿನ ಮಟ್ಟ ಮಿತಿಮೀರಿದಾಗಲೂ ಹೀಗೆಯೇ. ಅಲೆಯ ದುಂಡನೆಯ ತಲೆ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ಅಜ್ಜನ ಹಾಡಿಗೆ ಆದದ್ದು ಇದೇ. ಆಮೇಲೆ ಸದ್ದು ಕಡಿಮೆ ಮಾಡಿದರೆ ಚಪ್ಪಟೆ ಅಲೆ ಚಿಕ್ಕದಾಗುತ್ತದೆಯೇ ಹೊರತು ದುಂಡಗಾಗುವುದಿಲ್ಲ. ಇನ್ನೊಂದು ಕಡೆ, ಅರ್ಧ ಅಡಿಗೊಂದು ಗೆರೆ ಎಳೆದ ದೊಡ್ಡ ಹಂಡೆಯಲ್ಲಿ ತುಂತುರು ಮಳೆಯನ್ನು ಅಳೆಯಲೂ ಆಗದು. ಮಟ್ಟ ತೀರಾ ಕಡಿಮೆಯಾದರೆ ಸೂಕ್ಷ್ಮಗಳು ಮೊದಲ ಗೆರೆಯ ಕೆಳಗೇ ಉಳಿಯುತ್ತವೆ.

ಈಗ ಬಹಳ ಮುಖ್ಯವಾದ ಒಂದು ಸಂಗತಿ. ಸಂಕೇತ ಬಿಡಿಸುವ ತಂತ್ರಾಂಶ ಪ್ರತಿ ಸಾಲಿನ ಮುಂದೆ ಒಂದು ಅಂಕಿ ತೋರಿಸುತ್ತದೆ. ಉದಾಹರಣೆಗೆ ಋಣ 20 ಡೆಸಿಬಲ್. ಹಾಗೆಂದರೆ 2500 ಹರ್ಟ್ಸ್ ಅಗಲದ ಕಿಟಕಿಯಲ್ಲಿರುವ ಗದ್ದಲದ ಶಕ್ತಿ ಆ ಸಂಕೇತದ ಶಕ್ತಿಯ ನೂರು ಪಟ್ಟು! ನಮ್ಮ ಕಿವಿಗೆ ಅಂಥ ಸಂಕೇತ ಕೇಳಿಸುವುದೇ ಇಲ್ಲ. ಆದರೂ ತಂತ್ರಾಂಶ ಅದನ್ನು ಓದುತ್ತದೆ. ಏಕೆಂದರೆ ಅದು ಇಡೀ ಗದ್ದಲವನ್ನು ನೋಡದೆ 50 ಹರ್ಟ್ಸ್‌ನ ಸಣ್ಣ ಸೀಳಿನಲ್ಲಿ ಹುಡುಕುತ್ತದೆ. ಜೊತೆಗೆ, ತಪ್ಪಿಹೋದ ತುಂಡುಗಳನ್ನು ಗಣಿತದಿಂದ ತುಂಬಿಕೊಳ್ಳಲು ನೆರವಾಗುವ ಹೆಚ್ಚುವರಿ ಅಂಕಿಗಳನ್ನೂ ಸಂದೇಶದಲ್ಲಿ ಸೇರಿಸಿ ಕಳಿಸಿರುತ್ತಾರೆ.

ಆದ್ದರಿಂದ ತಂತ್ರಾಂಶಕ್ಕೆ ಬೇಕಾದದ್ದು ಸದ್ದಲ್ಲ, ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತ. ನೀವು ಗುಂಡಿ ತಿರುಗಿಸಿ ಹತ್ತು ಪಟ್ಟು ಮಾಡಿದರೆ ಸಂಕೇತವೂ ಹತ್ತು ಪಟ್ಟು, ಗದ್ದಲವೂ ಹತ್ತು ಪಟ್ಟು. ಅನುಪಾತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಮಾಪಕ ತುಂಬುವ ದಿನ ಮಾತ್ರ ಹತ್ತಿರ ಬರುತ್ತದೆ. ಈ ಒಂದು ವಾಕ್ಯ ಮನಸ್ಸಿನಲ್ಲಿದ್ದರೆ ಅರ್ಧ ತನಿಖೆ ಮುಗಿದಂತೆ.

ಬನ್ನಿ, ಸಾಗರಕ್ಕೆ ಹೋಗೋಣ. ಒಂದು ಕಾಲೇಜಿನ ಪ್ರಯೋಗಾಲಯ. ಛಾವಣಿಯ ಮೇಲೆ ಸುಮಾರು 20 ಮೀಟರ್ ತಂತಿಯ ಆಂಟೆನಾ. 7.074 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಉದ್ದ ಅಷ್ಟಾಗುತ್ತದೆ. ರೇಡಿಯೋದ ಹೆಡ್‌ಫೋನ್ ತೂತಿನಿಂದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಗುಲಾಬಿ ಬಣ್ಣದ ಮೈಕ್ ತೂತಿಗೆ ಒಂದು ತಂತಿ. ಪರದೆಯ ಮೇಲೆ 'ವಾಟರ್‌ಫಾಲ್' ಎಂಬ ಚಿತ್ರ. ಜೋಗದ ತಾಲ್ಲೂಕಿನವರಿಗೆ ಹೆಸರು ಹೊಸದಲ್ಲ. ಇದರಲ್ಲಿ ಎಡದಿಂದ ಬಲಕ್ಕೆ ಆವರ್ತನ, ಮೇಲಿನಿಂದ ಕೆಳಕ್ಕೆ ಕಾಲ. ಪ್ರತಿ ನಿಲ್ದಾಣವೂ ಒಂದು ಬೆಳಕಿನ ಗೆರೆಯಾಗಿ ಕೆಳಗಿಳಿಯುತ್ತದೆ.

ಅಲ್ಲಿ ಇಡೀ ಚಿತ್ರವೇ ಉರಿಯುವಂತೆ ಹೊಳೆಯುತ್ತಿತ್ತು. 'ಸರ್, ಸಿಗ್ನಲ್ ತುಂಬಾ ಚೆನ್ನಾಗಿ ಬರ್ತಿದೆ' ಎಂದ ಒಬ್ಬ ಹುಡುಗ. ಆದರೆ ಬಿಡಿಸಿದ ಸಾಲು ಒಂದೋ ಎರಡೋ. ನಮ್ಮ ಗೆಳೆಯರು ಏನೂ ಹೇಳದೆ ಎರಡು ಗೆರೆಗಳನ್ನು ತೋರಿಸಿದರು. ಒಂದು 700 ಹರ್ಟ್ಸ್ ಹತ್ತಿರ, ಇನ್ನೊಂದು 2100 ಹರ್ಟ್ಸ್ ಹತ್ತಿರ. ಎರಡೂ ಒಂದೇ ಕ್ಷಣಕ್ಕೆ ಶುರುವಾಗಿ ಒಂದೇ ಕ್ಷಣಕ್ಕೆ ನಿಲ್ಲುತ್ತಿದ್ದವು. ಎರಡನೆಯದು ಮಾತ್ರ ಮೂರು ಪಟ್ಟು ಅಗಲ. 'ಇವರಿಬ್ಬರಿಗೆ ಏನು ಸಂಬಂಧ?' ಎಂದು ಕೇಳಿದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಹೇಳಿದಳು: '700 ಇಂಟು 3, ಸರ್.'

ಅದೇ ಸುಳಿವು. ತಲೆ ಕತ್ತರಿಸಿದ ಅಲೆ ಶುದ್ಧ ಸ್ವರವಾಗಿ ಉಳಿಯುವುದಿಲ್ಲ. ಅದರಲ್ಲಿ ಮೂಲ ಆವರ್ತನದ ಮೂರು ಪಟ್ಟು, ಐದು ಪಟ್ಟು ಆವರ್ತನಗಳೂ ಹುಟ್ಟುತ್ತವೆ. ಸ್ವರಗಳ ನಡುವಿನ ಅಂತರವೂ ಮೂರು ಪಟ್ಟಾಗುವುದರಿಂದ ಗೆರೆ ಅಗಲವಾಗುತ್ತದೆ. ಎರಡು ಬಲವಾದ ನಿಲ್ದಾಣಗಳಿದ್ದರೆ ಅವು ಬೆರೆತು ಇನ್ನಷ್ಟು ಸುಳ್ಳು ಗೆರೆಗಳನ್ನು ಹುಟ್ಟಿಸುತ್ತವೆ. 1000 ಮತ್ತು 1200 ಹರ್ಟ್ಸ್ ಸೇರಿ 800ರಲ್ಲೂ 1400ರಲ್ಲೂ ದೆವ್ವಗಳನ್ನು ಎಬ್ಬಿಸುತ್ತವೆ. ಈ ದೆವ್ವಗಳ ನೆರಳಿನಲ್ಲಿ ನಿಜವಾದ ಕ್ಷೀಣ ನಿಲ್ದಾಣಗಳು ಕಾಣದಾಗುತ್ತವೆ. ಪರೀಕ್ಷೆ ಸುಲಭ. ಮಟ್ಟ ಇಳಿಸಿ ನೋಡಿ. ನಿಜವಾದ ಗೆರೆ ಉಳಿಯುತ್ತದೆ, ಸುಳ್ಳು ಗೆರೆ ಮಾಯವಾಗುತ್ತದೆ.

ಕಾರಣ ಏನಿತ್ತು? ಮೈಕ್ ತೂತು ನಿರೀಕ್ಷಿಸುವುದು ಕೆಲವು ಮಿಲಿವೋಲ್ಟ್‌ಗಳನ್ನು. ಹೆಡ್‌ಫೋನ್ ತೂತು ಅದರ ನೂರಾರು ಪಟ್ಟು ಕೊಡಬಲ್ಲದು. ಸಾಲದೆಂಬಂತೆ ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ 'ಮೈಕ್ರೋಫೋನ್ ಬೂಸ್ಟ್' 20 ಡೆಸಿಬಲ್ ಎಂದಿತ್ತು. ವೋಲ್ಟೇಜಿನ ಲೆಕ್ಕದಲ್ಲಿ 20 ಡೆಸಿಬಲ್ ಎಂದರೆ ಹತ್ತು ಪಟ್ಟು. ಹುಡುಗರು ಬೂಸ್ಟ್ ಸೊನ್ನೆ ಮಾಡಿದರು. ಆಮೇಲೆ ತಂತಿಯ ನಡುವೆ ಎರಡು ರೆಸಿಸ್ಟರ್ ಸೇರಿಸಿದರು. 10 ಕಿಲೋ ಓಮ್ ಸರಣಿಯಲ್ಲಿ, 1 ಕಿಲೋ ಓಮ್ ಅಡ್ಡಲಾಗಿ. ನಿಮ್ಮ ಪಠ್ಯದ ವಿಭವ ವಿಭಾಜಕವೇ ಇದು. 11ರಲ್ಲಿ ಒಂದು ಪಾಲು ಮಾತ್ರ ಮುಂದೆ ಹೋಗುತ್ತದೆ, ಸುಮಾರು 21 ಡೆಸಿಬಲ್ ಇಳಿಕೆ. ಮೈಕ್ ತೂತಿನಲ್ಲಿ ಮೈಕಿಗಾಗಿ ಕೊಟ್ಟ ಸಣ್ಣ ನೇರ ವೋಲ್ಟೇಜ್ ಇರುವುದರಿಂದ ಅದನ್ನು ತಡೆಯಲು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನೂ ಹಾಕಿದರು. ಪರದೆ ಮಂಕಾಯಿತು. ಸಾಲುಗಳು ಒಂದರ ಕೆಳಗೊಂದು ಬರತೊಡಗಿದವು.

ಸರಿಯಾದ ಮಟ್ಟ ಯಾವುದು ಎಂದು ನೀವು ಕೇಳಬಹುದು. ಟೇಲರ್ ಅವರ ತಂಡದ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದಲ್ಲಿ ಉಷ್ಣಮಾಪಕದಂತಹ ಒಂದು ಪಟ್ಟಿ ಇದೆ. ಬರಿಯ ಗದ್ದಲ ಮಾತ್ರ ಇರುವಾಗ ಅದು 30 ಡೆಸಿಬಲ್ ಆಸುಪಾಸಿನಲ್ಲಿರಬೇಕು. ಸಂಖ್ಯೆಗಳ ಗರಿಷ್ಠ ಮಿತಿ ಈ ಅಳತೆಯಲ್ಲಿ 90ರ ಹತ್ತಿರ ಬರುತ್ತದೆ. ಅಂದರೆ ಮೇಲೆ 60 ಡೆಸಿಬಲ್ ಖಾಲಿ ಜಾಗ. ಗದ್ದಲಕ್ಕಿಂತ ಸಾವಿರ ಪಟ್ಟು ವೋಲ್ಟೇಜಿನ ಸಂಕೇತ ಬಂದರೂ ಮಾಪಕ ಉಕ್ಕುವುದಿಲ್ಲ. ಪಟ್ಟಿಯ ಮೂರನೆಯ ಎರಡು ಭಾಗ ಖಾಲಿ ಇದೆಯಲ್ಲ ಎಂದು ಹೊಸಬರಿಗೆ ಕಸಿವಿಸಿಯಾಗುತ್ತದೆ. ಅದು ವ್ಯರ್ಥವಲ್ಲ. ಮಲೆನಾಡಿನ ಮನೆಯ ಚರಂಡಿಯನ್ನು ಬೇಸಿಗೆಯ ಹನಿ ನೋಡಿ ತೋಡುವುದಿಲ್ಲ, ಆಷಾಢದ ಮಳೆ ನೋಡಿ ತೋಡುತ್ತಾರೆ.

ಇನ್ನೊಂದು ಎಚ್ಚರಿಕೆ. ಈಗಿನ ಕಂಪ್ಯೂಟರುಗಳು ಮಾತಿಗೆ ಅನುಕೂಲವಾಗಲೆಂದು ಕೆಲವು ಉಪಚಾರಗಳನ್ನು ತಾವಾಗಿಯೇ ಮಾಡುತ್ತವೆ. ಗದ್ದಲ ತೆಗೆಯುವುದು, ಮಟ್ಟವನ್ನು ತಾನೇ ಏರಿಸಿ ಇಳಿಸುವುದು ಇತ್ಯಾದಿ. ಒಂದೇ ಸಮನೆ ಬರುವ ಸ್ವರವನ್ನು ಅವು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡಬಹುದು. ನಮಗೋ ಆ ಸ್ವರವೇ ಸಂದೇಶ. ಆದ್ದರಿಂದ ಧ್ವನಿಯ 'ಎನ್‌ಹಾನ್ಸ್‌ಮೆಂಟ್' ಎಂಬುದನ್ನೆಲ್ಲ ಆಫ್ ಮಾಡಿ.

ಮರುದಿನ ಹೊಸನಗರ. ತಗಡಿನ ಮಾಡಿನ ಒಂದು ಶಾಲಾ ಕೊಠಡಿ. ಈ ಬಾರಿ ಲ್ಯಾಪ್‌ಟಾಪ್. ರೇಡಿಯೋದ ಹಿಂಬದಿಯ ಸಾಕೆಟ್ಟಿನಿಂದ ತಂತಿ ತಂದು ಲ್ಯಾಪ್‌ಟಾಪಿನ ಒಂದೇ ತೂತಿಗೆ ಸಿಕ್ಕಿಸಿದ್ದರು. ಸಾಲುಗಳು ಬರುತ್ತಿದ್ದವು, ಆದರೆ ಬಲವಾದ ನಿಲ್ದಾಣಗಳದ್ದು ಮಾತ್ರ. ರೇಡಿಯೋದ ಸದ್ದಿನ ಗುಂಡಿ ತಿರುಗಿಸಿದರೆ ಪಟ್ಟಿ ಏರುತ್ತಿತ್ತು. ಮಕ್ಕಳು ತಿರುಗಿಸುತ್ತಲೇ ಇದ್ದರು. ಅಷ್ಟರಲ್ಲಿ ಮಳೆ ಬಂತು. ತಗಡಿನ ಮೇಲೆ ಆ ಊರಿನ ಮಳೆ! ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಪರದೆಯ ಪಟ್ಟಿಯೂ ಜಿಗಿದು ಮೇಲೇರಿತು. ಸಾಲುಗಳು ಪೂರ್ತಿ ನಿಂತವು.

ಮಿತ್ರರೆ, ಸ್ವಲ್ಪ ಯೋಚಿಸಿ. ತಂತಿಯಲ್ಲಿ ಬರುವ ಸದ್ದಿಗೂ ತಗಡಿನ ಮೇಲಿನ ಮಳೆಗೂ ಏನು ಸಂಬಂಧ? ಏನೂ ಇಲ್ಲ. ಇನ್ನೊಂದು ಸುಳಿವೂ ಇತ್ತು. ಇಂತಹ ರೇಡಿಯೋಗಳಲ್ಲಿ ಹಿಂಬದಿಯ ಸಾಕೆಟ್ಟಿನ ಮಟ್ಟ ಸಾಮಾನ್ಯವಾಗಿ ಸ್ಥಿರ. ಮುಂದಿನ ಗುಂಡಿ ತಿರುಗಿಸಿದರೆ ಸ್ಪೀಕರಿನ ಸದ್ದು ಬದಲಾಗಬೇಕೇ ಹೊರತು ಆ ಸಾಕೆಟ್ಟಿನದ್ದಲ್ಲ. ಗೆಳೆಯರು ಮಕ್ಕಳಿಗೆ ಲ್ಯಾಪ್‌ಟಾಪಿನ ಪಕ್ಕ ಜೋರಾಗಿ ಚಪ್ಪಾಳೆ ತಟ್ಟಲು ಹೇಳಿದರು. ವಾಟರ್‌ಫಾಲಿನಲ್ಲಿ ಅಡ್ಡಲಾಗಿ ಒಂದು ಬಿಳಿ ಗೆರೆ ಮೂಡಿತು. ರಹಸ್ಯ ಬಯಲಾಯಿತು. ಕಂಪ್ಯೂಟರ್ ತಂತಿಯನ್ನು ಕೇಳುತ್ತಲೇ ಇರಲಿಲ್ಲ. ತನ್ನ ಮೈಯಲ್ಲೇ ಇರುವ ಮೈಕಿನಿಂದ, ಕೊಠಡಿಯ ಗಾಳಿಯ ಮೂಲಕ, ರೇಡಿಯೋದ ಸ್ಪೀಕರನ್ನು ಕೇಳುತ್ತಿತ್ತು!

ಲ್ಯಾಪ್‌ಟಾಪಿನ ಒಂದೇ ತೂತು ನಾಲ್ಕು ಸಂಪರ್ಕಗಳ ಪಿನ್ನಿಗೆ ಮಾಡಿದ್ದು. ಮೂರು ಸಂಪರ್ಕಗಳ ಸಾಮಾನ್ಯ ಪಿನ್ ಹಾಕಿದರೆ ಅದು ಹೆಡ್‌ಫೋನ್ ಎಂದು ತಿಳಿಯುತ್ತದೆ, ಮೈಕ್ ಎಂದಲ್ಲ. ಪರಿಹಾರವಾಗಿ ಯುಎಸ್‌ಬಿಗೆ ಸಿಕ್ಕಿಸುವ ಒಂದು ಚಿಕ್ಕ ಸೌಂಡ್ ಕಾರ್ಡ್ ಹಾಕಿ, ತಂತ್ರಾಂಶದಲ್ಲೂ ಅದನ್ನೇ ಆರಿಸಿದರು. ಚಪ್ಪಾಳೆ ತಟ್ಟಿದರೆ ಈಗ ಏನೂ ಕಾಣಲಿಲ್ಲ. ಮಳೆ ಸುರಿಯುತ್ತಲೇ ಇತ್ತು, ಸಾಲುಗಳೂ ಬರುತ್ತಲೇ ಇದ್ದವು.

ಒಂದು ಸಣ್ಣ ತೊಂದರೆ ಉಳಿಯಿತು. ಎಡ ಅಂಚಿನಲ್ಲಿ 50, 100, 150 ಹರ್ಟ್ಸ್‌ಗಳಲ್ಲಿ ನಿಲ್ಲದ ಗೆರೆಗಳು. ಇದು ನಮ್ಮ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಹೋಯಿತು. ರೇಡಿಯೋದ ನೆಲಸಂಪರ್ಕ ಒಂದು ದಾರಿ, ಚಾರ್ಜರಿನದು ಇನ್ನೊಂದು ದಾರಿ. ಎರಡೂ ತಂತಿಯ ಮೂಲಕ ಸೇರಿ ಒಂದು ಕುಣಿಕೆಯಾಗಿತ್ತು. ಶಾಶ್ವತ ಪರಿಹಾರ ಬೇಕಾದರೆ ನಡುವೆ ಒಂದಕ್ಕೊಂದು ಅನುಪಾತದ ಚಿಕ್ಕ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಸದ್ದು ಆಯಸ್ಕಾಂತ ಕ್ಷೇತ್ರದ ಮೂಲಕ ದಾಟುತ್ತದೆ, ಎರಡು ಕಡೆಯ ತಂತಿಗಳು ಮಾತ್ರ ಒಂದನ್ನೊಂದು ಮುಟ್ಟುವುದಿಲ್ಲ.

ಮೂರನೆಯ ಸಂಜೆ ತೀರ್ಥಹಳ್ಳಿ ತಾಲ್ಲೂಕಿನ, ಆಗುಂಬೆ ಘಟ್ಟದ ಕಡೆಯ ಒಂದು ಹಳ್ಳಿ. ಅಲ್ಲಿನ ಮಕ್ಕಳು ಅಡಿಕೆ ಮರಗಳ ನಡುವೆ ತಂತಿ ಕಟ್ಟಿದ್ದರು. ಹಿಂದಿನ ಎರಡು ಊರುಗಳ ಪಾಠವನ್ನೂ ಕಲಿತಿದ್ದರು. ಬೂಸ್ಟ್ ಸೊನ್ನೆ. ಚಪ್ಪಾಳೆಯ ಪರೀಕ್ಷೆ ಮಾಡಿದ್ದರು. ಪಟ್ಟಿ ಸರಿಯಾಗಿ 30. ವಾಟರ್‌ಫಾಲಿನಲ್ಲಿ ಬಾಚಣಿಗೆಯಂತೆ ಶುಭ್ರವಾದ ಗೆರೆಗಳು. ಆದರೂ ಒಂದು ಸಾಲೂ ಇಲ್ಲ! ಒಬ್ಬ ಹುಡುಗ ಮೆಲ್ಲಗೆ ಗುಂಡಿಯ ಕಡೆಗೆ ಕೈ ಚಾಚಿದ. ನಾನು ಬೇಡವೆಂದೆ.

ಗೆರೆ ಶುಭ್ರವಾಗಿದ್ದು, ಮಟ್ಟ ಸರಿಯಿದ್ದರೆ, ದೋಷ ಮಟ್ಟದ್ದಲ್ಲ. ಹಾಗಾದರೆ ಇನ್ನೇನು ಉಳಿಯಿತು? ಎಫ್‌ಟಿ8 ಗಡಿಯಾರದ ಆಟ ಎಂದು ಆಗಲೇ ಹೇಳಿದೆ. ಎಲ್ಲರೂ 0, 15, 30, 45ನೆಯ ಸೆಕೆಂಡುಗಳಲ್ಲಿ ಸರದಿ ಶುರುಮಾಡುತ್ತಾರೆ. ನಿಜವಾದ ಹಾಡು ಅದಾದ ಅರ್ಧ ಸೆಕೆಂಡಿಗೆ. ನಿಮ್ಮ ಗಡಿಯಾರ ಎರಡು ಸೆಕೆಂಡಿಗಿಂತ ಹೆಚ್ಚು ತಪ್ಪಿದರೆ ಬಿಡಿಸುವುದು ಕಷ್ಟ. ಆ ಊರಿನಲ್ಲಿ ಗಾಳಿಮಳೆಗೆ ಕೆಲವು ದಿನಗಳಿಂದ ಇಂಟರ್ನೆಟ್ ಇರಲಿಲ್ಲ. ಕಂಪ್ಯೂಟರಿನ ಗಡಿಯಾರವನ್ನು ತಿದ್ದುವವರೂ ಇರಲಿಲ್ಲ.

ಆಗ ನಮಗೆ ನೆರವಾದದ್ದು ಕಿವಿ. ಮಕ್ಕಳೆಲ್ಲ ಸುಮ್ಮನಾಗಿ ಸ್ಪೀಕರಿಗೆ ಕಿವಿಗೊಟ್ಟರು. ಒಬ್ಬಳು ಕಂಪ್ಯೂಟರಿನ ಗಡಿಯಾರವನ್ನೇ ನೋಡುತ್ತ ನಿಂತಳು. ಹತ್ತಾರು ಕೊಳಲುಗಳು ಒಟ್ಟಿಗೆ ಊದಿದಂತಹ ಆ ಸದ್ದು ಶುರುವಾದ ಕ್ಷಣ ಅವಳ ಗಡಿಯಾರ ನಾಲ್ಕೂವರೆ ಸೆಕೆಂಡು ತೋರಿಸುತ್ತಿತ್ತು. ಅಂದರೆ ಗಡಿಯಾರ ನಾಲ್ಕು ಸೆಕೆಂಡು ಮುಂದು. ಮೊಬೈಲಿನಲ್ಲಿ ಟವರ್ ಇಲ್ಲದಿದ್ದರೂ ಜಿಪಿಎಸ್ ಉಪಗ್ರಹಗಳ ಸಮಯ ಸಿಗುತ್ತದೆ. ಅದರೊಂದಿಗೆ ತಾಳೆ ನೋಡಿ ತಿದ್ದಿದರು. ಮುಂದಿನ ಸರದಿ ಮುಗಿಯುತ್ತಿದ್ದಂತೆ ಪರದೆ ತುಂಬ ಸಾಲುಗಳು. ಮಕ್ಕಳು ಕುಣಿದಾಡಿಬಿಟ್ಟರು.

ಕುಣಿತ ಮುಗಿದ ಮೇಲೆ ಗಡಿಯಾರ ನೋಡುತ್ತಿದ್ದ ಹುಡುಗಿಯೇ ಬಂದು ಕೇಳಿದಳು: 'ಸರ್, ಮಳೆಗಾಲದಲ್ಲಿ ನಮ್ಮೂರಿಗೆ ಕರೆಂಟೂ ಇರಲ್ಲ, ಟವರೂ ಇರಲ್ಲ. ಹಳ್ಳ ತುಂಬಿದ್ರೆ ದಾಟೋಕೂ ಆಗಲ್ಲ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಇದು ಕೆಲಸಕ್ಕೆ ಬರತ್ತಾ?'

ಅದು ಆಟದ ಪ್ರಶ್ನೆಯಾಗಿರಲಿಲ್ಲ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಆದರೂ ಈ ಮೂರು ತಾಲ್ಲೂಕುಗಳ ಒಳಹಳ್ಳಿಗಳವರು ಮಳೆಗಾಲದ ಕತ್ತಲೆಯನ್ನು ಚೆನ್ನಾಗಿ ಬಲ್ಲರು. ಆಕೆಗೆ ನಾವು ಇದ್ದುದನ್ನು ಇದ್ದ ಹಾಗೆ ಹೇಳಿದೆವು. ಎಫ್‌ಟಿ8ರಲ್ಲಿ ಸ್ವಂತ ಮಾತು ಬರೆಯಲು ಒಂದು ಸಲಕ್ಕೆ 13 ಅಕ್ಷರಗಳಷ್ಟೇ ಜಾಗ. ರೋಗಿಯ ವಿವರ ಕಳಿಸಲು ಅದು ಸಾಲದು. ಆಪತ್ತಿನಲ್ಲಿ ಮೊದಲು ನೆರವಾಗುವುದು ನೇರ ಮಾತು. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಹವ್ಯಾಸಿ ಪ್ರಯೋಗಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಜೊತೆಯವರು ಪೋರ್ಟ್ ಬ್ಲೇರ್‌ನಿಂದ ಹ್ಯಾಮ್ ರೇಡಿಯೋ ಮೂಲಕ ಹೊರಜಗತ್ತಿಗೆ ಸಂಪರ್ಕ ಕಲ್ಪಿಸಿದರು. ಮಾತು ಕೇಳದಷ್ಟು ಸಂಕೇತ ಕ್ಷೀಣವಾದಾಗ ಬರಹ ಕಳಿಸುವ ವಿಧಾನಗಳು ಬೇರೆ ಇವೆ. ಆದರೆ ಅವೂ ಇದೇ ತಂತಿಯಲ್ಲಿ, ಇದೇ ಸೌಂಡ್ ಕಾರ್ಡಿನಲ್ಲಿ ಬರುವಂಥವು. ಇವತ್ತು ನೀನು ಕಲಿತ ತನಿಖೆ ಅಲ್ಲಿಯೂ ಅದೇ.

ಅದಕ್ಕೇ ನಾವು ಆಕೆಗೆ ಇನ್ನೊಂದು ಮಾತನ್ನೂ ಸೇರಿಸಿ ಹೇಳಿದೆವು. ಪರವಾನಗಿಯ ಪರೀಕ್ಷೆ ಪಾಸು ಮಾಡು. ಒಂದು ಬ್ಯಾಟರಿ ಚಾರ್ಜು ಮಾಡಿಟ್ಟಿರು. ಮಟ್ಟಗಳನ್ನು ಬಿಸಿಲಿರುವಾಗಲೇ ಹೊಂದಿಸಿ ಚೀಟಿಯಲ್ಲಿ ಬರೆದಿಡು. ಮಳೆ ಬಂದ ರಾತ್ರಿ ಗುಂಡಿ ಹುಡುಕುವ ಕಾಲವಲ್ಲ. ಗುಡುಗು ಮಿಂಚು ಇದ್ದಾಗ ಮಾತ್ರ ಆಂಟೆನಾ ತಂತಿಯನ್ನು ಮುಟ್ಟಬೇಡ. ಅದನ್ನು ಮಿಂಚು ಬರುವ ಮೊದಲೇ ಕಳಚಿ ಹೊರಗಿಟ್ಟಿರಬೇಕು.

ಪರವಾನಗಿ ಪಡೆದು ಕಳಿಸಲು ಆರಂಭಿಸಿದ ಮೇಲೂ ಈ ನೀತಿ ಬದಲಾಗುವುದಿಲ್ಲ. ಕಂಪ್ಯೂಟರಿನಿಂದ ರೇಡಿಯೋಗೆ ಹೋಗುವ ಸದ್ದು ಹೆಚ್ಚಾದರೆ ರೇಡಿಯೋ ಒಳಗೇ ಅಲೆ ಚಪ್ಪಟೆಯಾಗಿ ದೆವ್ವಗಳು ಹುಟ್ಟಿ ಆಕಾಶಕ್ಕೆ ಹೋಗುತ್ತವೆ. ರೇಡಿಯೋದಲ್ಲಿ 'ಎಎಲ್‌ಸಿ' ಎಂಬ ಮುಳ್ಳು ಇರುತ್ತದೆ. ಎಫ್‌ಟಿ8 ಕಳಿಸುವಾಗ ಅದು ಅಲುಗಿತೋ ಇಲ್ಲವೋ ಎಂಬಷ್ಟರಲ್ಲೇ ಇರಲಿ. ಕೇಳುವಾಗ ಮಟ್ಟ ತಪ್ಪಿದರೆ ನಷ್ಟ ನಿಮಗೊಬ್ಬರಿಗೆ, ಕಳಿಸುವಾಗ ತಪ್ಪಿದರೆ ಅಕ್ಕಪಕ್ಕದವರಿಗೆಲ್ಲ.

ಕೊನೆಯಲ್ಲಿ ನಿಮ್ಮ ನೋಟ್ ಪುಸ್ತಕಕ್ಕೆ ಐದು ಪ್ರಶ್ನೆಗಳು. ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಒಂದು, ಕಂಪ್ಯೂಟರ್ ಯಾರನ್ನು ಕೇಳುತ್ತಿದೆ? ಚಪ್ಪಾಳೆ ತಟ್ಟಿ ನೋಡಿ. ಎರಡು, ಬೂಸ್ಟ್ ಮತ್ತು ತಾನಾಗಿ ನಡೆಯುವ ಉಪಚಾರಗಳು ಆಫ್ ಆಗಿವೆಯೇ? ಮೂರು, ಬರಿಯ ಗದ್ದಲ ಇರುವಾಗ ಪಟ್ಟಿ 30ರ ಹತ್ತಿರ ಇದೆಯೇ? ನಾಲ್ಕು, ಮೂರು ಪಟ್ಟಿನ ದೆವ್ವಗಳು, 50 ಹರ್ಟ್ಸ್‌ನ ಗೆರೆಗಳು ಕಾಣುತ್ತಿವೆಯೇ? ಐದು, ಗಡಿಯಾರ ಸರಿಯಿದೆಯೇ? ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಸರದಿ ಕಾದು ನೋಡಿ. ಎರಡು ಗುಂಡಿಗಳನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ರೇಡಿಯೋ ಇಲ್ಲದವರು ಮೊಬೈಲಿನಲ್ಲೇ ಈ ಪಾಠ ಕಲಿಯಬಹುದು. ಮುಂದಿನ ಸಲ ನಿಮ್ಮ ಮನೆಯ ಅಜ್ಜಿಯ ಹಾಡನ್ನೋ ಅಜ್ಜನ ಕಥೆಯನ್ನೋ ಧ್ವನಿಮುದ್ರಿಸುವಾಗ ಮೊದಲು ಒಂದು ನಿಮಿಷ ಅವರನ್ನು ಜೋರಾಗಿ ಹಾಡಿಸಿ ನೋಡಿ. ಒಡೆದರೆ ಫೋನನ್ನು ಸ್ವಲ್ಪ ದೂರ ಇಡಿ. ಸದ್ದು ಚಿಕ್ಕದಾಯಿತೆಂದು ಹೆದರಬೇಡಿ, ಆಮೇಲೆ ಏರಿಸಿಕೊಳ್ಳಬಹುದು. ನಾನು ಆ ದೀಪಾವಳಿಯ ರಾತ್ರಿ ಮಾಡದೆ ಉಳಿದದ್ದು ಇಷ್ಟೇ. ನೀವು ಮಾಡಿ.